ತಿಂಗಳಿಗೆ ಲಕ್ಷ ಬಾರಿ ಡೈ ಒಳಗೆ ಹೋಗುವ ಕೈ

ಪ್ರಶ್ನೆ: ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಪ್ರೆಸ್ ಶಾಪ್, ಅಂದರೆ ತಗಡನ್ನು ಡೈ ಎಂಬ ಅಚ್ಚಿನಲ್ಲಿ ಒತ್ತಿ ಕತ್ತರಿಸುವ, ಬಗ್ಗಿಸುವ ಘಟಕ ಇದೆ. ಊರು ಇಂಡಿ ತಾಲ್ಲೂಕು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ವಾಹನಗಳ ಬಿಡಿಭಾಗ ಮಾಡುತ್ತೇವೆ. 16 ಪ್ರೆಸ್‌ಗಳಿವೆ, ಎರಡು ಗಾಳಿಯ ಒತ್ತಡದಿಂದ ನಡೆಯುವ ನ್ಯೂಮ್ಯಾಟಿಕ್ ಕ್ಲಚ್ಚಿನವು, ಉಳಿದ 14 ಹಳೆಯ ಪಿನ್ ಕ್ಲಚ್ಚಿನವು. ಠೇಕೆದಾರರ ಹುಡುಗರೂ ಸೇರಿ 38 ಜನ. ಒಂದೂವರೆ ವರ್ಷದಲ್ಲಿ ಮೂವರ ಕೈಗೆ ಪೆಟ್ಟಾಗಿದೆ. ಕಳೆದ ತಿಂಗಳು ಅಫಜಲಪುರದ ಕಡೆಯ 22ರ ಹುಡುಗನ ತೋರುಬೆರಳಿನ ಎರಡು ಗಿಣ್ಣು ಹೋದವು. ಆ ವಾರ ಒಂದು ಡೆಲಿವರಿಯೂ ತಪ್ಪಿತು. ಗ್ಲೌಸ್ ಕೊಟ್ಟಿದ್ದೇನೆ, ಬೋರ್ಡ್ ಬರೆಸಿದ್ದೇನೆ, ಇಎಸ್ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದೇನೆ. ಆದರೂ ಹುಡುಗರು ಹೇಳಿದ್ದು ಕೇಳುವುದಿಲ್ಲ. ಡೈ ಸುತ್ತ ರಕ್ಷಣೆಯ ಗಾರ್ಡ್ ಹಾಕಿದರೆ ಉತ್ಪಾದನೆ ಇಳಿಯುತ್ತದೆ. ಎಲ್ಲ ಪ್ರೆಸ್‌ಗೂ ಬೆಳಕಿನ ಕಿರಣಗಳ ಸೆನ್ಸರ್ ಪರದೆ ಹಾಕಿಸಿ ಎಂದು ಒಬ್ಬ ವ್ಯಾಪಾರಿ ಬೆನ್ನುಹತ್ತಿದ್ದಾನೆ. ಗಾಯವೂ ಕಡಿಮೆಯಾಗಬೇಕು, ಖರ್ಚೂ ಕೈಮೀರಬಾರದು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಎರಡು ಮಾತು ನನ್ನನ್ನು ತಡೆದು ನಿಲ್ಲಿಸಿದವು. ಒಂದು, ಹುಡುಗರು ಹೇಳಿದ್ದು ಕೇಳುವುದಿಲ್ಲ ಎಂಬುದು. ಇನ್ನೊಂದು, ಇಎಸ್ಐ ಕಟ್ಟುತ್ತಿದ್ದೇನೆ ಎಂಬುದು. ಮೊದಲನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಬೆರಳು ಉಳಿಯುವುದೂ ಹೋಗುವುದೂ ಅಲ್ಲಿಯೇ.

ಒಂದು ಲೆಕ್ಕ ಹಾಕೋಣ. ಪ್ರೆಸ್ ನಿಮಿಷಕ್ಕೆ 10 ಸಲ ಬಿದ್ದರೆ, ಅಂದರೆ 10 ಸ್ಟ್ರೋಕ್, ನಿಮ್ಮಲ್ಲಿ ಅದು ನಿಧಾನದ ಕೆಲಸವೇ. ಊಟ, ಚಹಾ ಕಳೆದು 7 ಗಂಟೆ ಹಿಡಿದರೆ ಒಂದು ಶಿಫ್ಟಿಗೆ 4,200. ತಿಂಗಳಿಗೆ 25 ದಿನ ಎಂದರೆ 1,05,000. ಬ್ಲ್ಯಾಂಕ್ ಎಂಬ ತಗಡಿನ ತುಂಡನ್ನು ಕೈಯಿಂದಲೇ ಡೈ ಮೇಲೆ ಇಟ್ಟು ಕೈಯಿಂದಲೇ ತೆಗೆಯುವ ಹುಡುಗನ ಕೈ ತಿಂಗಳಿಗೆ ಲಕ್ಷಕ್ಕೂ ಹೆಚ್ಚು ಬಾರಿ ಮೇಲಿನಿಂದ ಬಡಿಯುವ ರ‍್ಯಾಮಿನ ಕೆಳಗೆ ಹೋಗಿ ಬರುತ್ತದೆ. ನಿಮ್ಮ ಬೋರ್ಡು ಅವನಿಂದ ಕೇಳುತ್ತಿರುವುದು ಲಕ್ಷದಲ್ಲಿ ಒಂದು ಸಲವೂ ತಪ್ಪಬಾರದು ಎಂದು. ರಾತ್ರಿ ಪಾಳಿಯಲ್ಲಿ ತಪ್ಪಬಾರದು, ಜ್ವರ ಬಂದ ದಿನ ತಪ್ಪಬಾರದು, ಊರಿನಿಂದ ಫೋನ್ ಬಂದ ಮೇಲೂ ತಪ್ಪಬಾರದು. ಇದನ್ನು ಯಾವ ಮನುಷ್ಯನಿಂದಲೂ ಕೇಳಲಾಗದು. ಆ ಹುಡುಗ ನಿಮ್ಮ ಮಾತು ಕೇಳಿಲ್ಲ ಎಂದು ನಾನು ಒಪ್ಪುವುದಿಲ್ಲ. 99,999 ಸಲ ಕೇಳಿದ್ದಾನೆ.

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ಇಪ್ಪತ್ತೆಂಟು ವರ್ಷ ಸುರಕ್ಷತೆಯ ಕೆಲಸ ಮಾಡಿದ್ದೇನೆ. ಒಂದು ಘಟಕದಲ್ಲಿ ಕಂಡದ್ದು ಇಂದಿಗೂ ಕಣ್ಣಮುಂದಿದೆ. ಹುಡುಗನ ಎರಡು ಬೆರಳು ಹೋಗಿದ್ದವು. ಅಪಘಾತದ ರಿಜಿಸ್ಟರಿನಲ್ಲಿ ಕಾರಣದ ಕಾಲಮಿನಲ್ಲಿ 'ಕಾರ್ಮಿಕನ ನಿರ್ಲಕ್ಷ್ಯ' ಎಂದು ಬರೆದಾಗಿತ್ತು. ಅವನು ಮಾತ್ರ, ತಾನು ಪೆಡಲ್ ಒತ್ತಿಯೇ ಇರಲಿಲ್ಲ, ಪ್ರೆಸ್ ತಾನಾಗಿ ಎರಡನೇ ಸಲ ಬಿತ್ತು ಎಂದು ಹೇಳುತ್ತಲೇ ಇದ್ದ. ಯಾರೂ ನಂಬಲಿಲ್ಲ. ಮಿಸ್ತ್ರಿಯನ್ನು ಕರೆದು, ಸುತ್ತುವ ಚಕ್ರಕ್ಕೆ ಪ್ರೆಸ್ಸನ್ನು ಜೋಡಿಸುವ ಕ್ಲಚ್ ಬಿಚ್ಚಿಸಿದೆ. ಪಿನ್ನನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಅಂಗೈಯಲ್ಲಿಟ್ಟು ನೋಡಿದರೆ, ಚೂಪಾಗಿ ಚೌಕವಾಗಿರಬೇಕಾದ ಅಂಚು ಹೊಳೆಯ ಕಲ್ಲಿನಂತೆ ನುಣ್ಣಗೆ ಗುಂಡಗಾಗಿತ್ತು. ಪಿನ್ನನ್ನು ಹಿಂದಕ್ಕೆಳೆಯುವ ಭಾಗದ ಸ್ಪ್ರಿಂಗ್ ಸಡಿಲಾಗಿ ಒಂದು ಸುತ್ತು ಮುರಿದಿತ್ತು. ಒಂದು ಊಟದ ಬೆಲೆಯ ಸ್ಪ್ರಿಂಗ್. ಆಮೇಲೆ ತಿಳಿಯಿತು, ಪ್ರೆಸ್ ಒಮ್ಮೊಮ್ಮೆ ತಾನೇ ಬೀಳುತ್ತಿದೆ ಎಂದು ಅವನು ಮೂರು ದಿನ ಮೊದಲೇ ಸೂಪರ್‌ವೈಸರಿಗೆ ಹೇಳಿದ್ದ. ಹುಡುಗ ಸೇಡಂ ಕಡೆಯವನು, ಅರ್ಧಂಬರ್ಧ ಹಿಂದಿ, ಸೂಪರ್‌ವೈಸರ್ ಮರಾಠಿಯವರು. ಮಾತು ಅರ್ಧಕ್ಕೇ ನಿಂತಿತ್ತು. ನಿಮ್ಮ ಅಫಜಲಪುರದ ಹುಡುಗನ ಪ್ರೆಸ್ಸಿನ ಪಿನ್ನನ್ನು ಅಪಘಾತದ ನಂತರ ಯಾರಾದರೂ ಬಿಚ್ಚಿ ನೋಡಿದರೇ? ಪತ್ರದಲ್ಲಿ ಆ ಮಾತಿಲ್ಲ.

ಈಗ ಆ ವ್ಯಾಪಾರಿಯ ವಿಷಯ. ಪಿನ್ ಕ್ಲಚ್ ಪ್ರೆಸ್ ಒಮ್ಮೆ ಕಚ್ಚಿಕೊಂಡರೆ ಫ್ಲೈವ್ಹೀಲ್ ಎಂಬ ಭಾರದ ಚಕ್ರದ ಜೊತೆ ಪೂರ್ತಿ ಒಂದು ಸುತ್ತು ಸುತ್ತಿಯೇ ಬಿಡುತ್ತದೆ. ನಡುವೆ ಅದನ್ನು ನಿಲ್ಲಿಸುವ ಶಕ್ತಿ ಯಾವ ಗುಂಡಿಗೂ ಇಲ್ಲ. ಸೆನ್ಸರ್ ಪರದೆಯ ಕೆಲಸ, ಕೈ ಕಂಡೊಡನೆ ಪ್ರೆಸ್ಸನ್ನು ನಿಲ್ಲಿಸುವುದು. ನಿಲ್ಲಲಾರದ ಯಂತ್ರಕ್ಕೆ ನಿಲ್ಲು ಎಂದು ಹೇಳುವ ಸಾಧನ ಏಕೆ? ಕೈಯನ್ನು ಕಾಣುತ್ತದೆ, ಕೆಂಪು ದೀಪ ಹೊತ್ತುತ್ತದೆ, ರ‍್ಯಾಮ್ ಕೆಳಗೆ ಬರುತ್ತಲೇ ಇರುತ್ತದೆ. ಪರದೆ ಇದೆ ಎಂಬ ಧೈರ್ಯದಲ್ಲಿ ಹುಡುಗರು ಮೊದಲಿಗಿಂತ ನಿರಾಳವಾಗಿ ಕೈ ಹಾಕುತ್ತಾರೆ, ಅದು ಇನ್ನೂ ಅಪಾಯ. ನಿಮ್ಮ 14 ಪ್ರೆಸ್‌ಗಳಿಗೆ ಅದನ್ನು ಖಂಡಿತ ಕೊಳ್ಳಬೇಡಿ.

ಎರಡು ಕೈಯಿಂದ ಒತ್ತುವ ಗುಂಡಿಗಳನ್ನು ಹಾಕಿದರೆ ಹೇಗೆ ಎಂದು ಕೇಳಬಹುದು. ಮನುಷ್ಯನ ಕೈ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಚಾಚುತ್ತದೆ ಎಂದು ಹಿಡಿದು ಲೆಕ್ಕ ಹಾಕುವುದು ನಮ್ಮ ಕ್ಷೇತ್ರದ ರೂಢಿ. ನಿಮಿಷಕ್ಕೆ 60 ಸುತ್ತಿನ, ಒಂದೇ ಜಾಗದಲ್ಲಿ ಕಚ್ಚುವ ಪಿನ್ ಇರುವ ಪ್ರೆಸ್ಸಿನಲ್ಲಿ ಗುಂಡಿ ಒತ್ತಿದಾಗಿನಿಂದ ಡೈ ಮುಚ್ಚುವವರೆಗೆ 1.5 ಸೆಕೆಂಡ್ ಹಿಡಿಯಬಹುದು; ಪಿನ್ ಕಚ್ಚಲು ಒಂದು ಸುತ್ತಿನವರೆಗೆ ಕಾಯುವುದು, ಆಮೇಲೆ ಇಳಿಯಲು ಅರ್ಧ ಸುತ್ತು. ಅಂದರೆ ಗುಂಡಿಗಳು ಡೈನಿಂದ 2.4 ಮೀಟರ್ ದೂರ ಇರಬೇಕು. ಅಷ್ಟು ದೂರ ನಿಂತು ಕೆಲಸ ಮಾಡುವುದುಂಟೇ? ಗುಂಡಿಯನ್ನು ಹತ್ತಿರ ತಂದರೆ, ಒತ್ತಿ ಬಿಟ್ಟ ಮೇಲೂ ಓರೆಯಾದ ಬ್ಲ್ಯಾಂಕನ್ನು ಸರಿಪಡಿಸಲು ಕೈ ಹೋಗುವಷ್ಟು ಸಮಯ ಉಳಿಯುತ್ತದೆ. ಬಹಳ ಬೆರಳುಗಳು ಹೋಗಿರುವುದು ಆ ಒಂದು ಸೆಕೆಂಡಿನಲ್ಲಿಯೇ.

ಹಾಗಾಗಿ ಪಿನ್ ಕ್ಲಚ್ ಪ್ರೆಸ್ಸಿಗೆ ನಂಬಬಹುದಾದ ದಾರಿ ಒಂದೇ: ಕೈ ಒಳಗೆ ಹೋಗುವ ಜಾಗವನ್ನೇ ಇಲ್ಲವಾಗಿಸುವುದು. ಡೈ ಸುತ್ತ ಸ್ಕ್ರೂ ಹಾಕಿ ಬಿಗಿದ ಗಟ್ಟಿ ಗಾರ್ಡ್, ತಗಡಿನ ಪಟ್ಟಿ ಒಳಹೋಗಲು ಮಾತ್ರ ಸೀಳು. ಸೀಳಿನ ಅಳತೆಯನ್ನು ಕಣ್ಣಂದಾಜಿನಿಂದ ಹಾಕಬೇಡಿ. ಸೀಳು 6 ಮಿ.ಮೀ. ಇದ್ದರೆ ಡೈನ ಅಪಾಯದ ಜಾಗದಿಂದ ಕನಿಷ್ಠ 10 ಮಿ.ಮೀ. ದೂರ ಇರಲಿ. 10 ಮಿ.ಮೀ. ಇದ್ದರೆ 80 ಮಿ.ಮೀ. ದೂರ. 12 ದಾಟಿ 20ರವರೆಗೆ ಹೋದರೆ 120 ಮಿ.ಮೀ. 20 ದಾಟಿತೆಂದರೆ ಇಡೀ ತೋಳೇ ನುಸುಳುತ್ತದೆ, ಆಗ 850 ಮಿ.ಮೀ. ಬೇಕು. ಗಾರ್ಡ್ ತಯಾರಾದ ಮೇಲೆ ಪ್ರೆಸ್ ಬಂದ್ ಮಾಡಿ ನಿಮ್ಮ ಘಟಕದ ಅತಿ ಸಣ್ಣ ಕೈಯವರನ್ನು ಕರೆದು ಬೆರಳು ತೂರಿಸಿ ನೋಡಿಸಿ.

ಉತ್ಪಾದನೆ ಇಳಿಯುತ್ತದೆಯೇ? ಪಟ್ಟಿ ತೂರಿಸಿ ಬ್ಲ್ಯಾಂಕ್ ಕತ್ತರಿಸುವ ಕೆಲಸದಲ್ಲಿ ಇಳಿಯುವುದಿಲ್ಲ; ಕೈಗೆ ಭಯವಿಲ್ಲದ್ದರಿಂದ ಕೆಲವೆಡೆ ಏರಿದ್ದನ್ನೂ ಕಂಡಿದ್ದೇನೆ. ಒಂದೊಂದೇ ಬ್ಲ್ಯಾಂಕ್ ಇಟ್ಟು ಬಗ್ಗಿಸುವ, ಆಕಾರ ಕೊಡುವ ಕೆಲಸದಲ್ಲಿ ಮೊದಮೊದಲು ಇಳಿಯುತ್ತದೆ, ಸುಳ್ಳು ಹೇಳಲಾರೆ. ಅಲ್ಲಿ ಜಾರುಹಲಗೆಯಂತಹ ಚೂಟ್ ಇಟ್ಟು ಬ್ಲ್ಯಾಂಕ್ ತಾನೇ ಇಳಿದು ಕೂರುವಂತೆ ಮಾಡಿ. ಇಲ್ಲವೇ ಮೇಜಿನ ಡ್ರಾಯರಿನಂತೆ ಹೊರಕ್ಕೆ ಎಳೆದು, ಬ್ಲ್ಯಾಂಕ್ ಇಟ್ಟು, ಒಳಕ್ಕೆ ತಳ್ಳುವ ಹೊಂದಿಕೆಯನ್ನು ಡೈಗೆ ಮಾಡಿಸಿ. ಆದ ಭಾಗವನ್ನು ಹೊರಹಾಕಲು ಗಾಳಿಯ ನಳಿಕೆ ಸಾಕು. ಇಕ್ಕಳ ಕೊನೆಯ ಉಪಾಯ, ಅದನ್ನೇ ರಕ್ಷಣೆ ಎಂದು ಎಣಿಸಬೇಡಿ. ಕೊಡುವುದಾದರೆ ಅಲ್ಯೂಮಿನಿಯಮ್ಮಿನದು ಕೊಡಿ. ಡೈ ನಡುವೆ ಸಿಕ್ಕರೆ ಇಕ್ಕಳ ಚಪ್ಪಟೆಯಾಗಲಿ, ಡೈ ಉಳಿಯಲಿ. ಉಕ್ಕಿನ ಇಕ್ಕಳ ಕೊಟ್ಟರೆ ಡೈ ಒಡೆದೀತೆಂಬ ಅಂಜಿಕೆಗೆ ಹುಡುಗರು ಅದನ್ನು ಬದಿಗಿಟ್ಟು ಮತ್ತೆ ಕೈಯನ್ನೇ ಹಾಕುತ್ತಾರೆ.

ಹಾಕಿದ ಗಾರ್ಡನ್ನು ಹುಡುಗರೇ ಬಿಚ್ಚಿಟ್ಟರೆ ಬೈಯುವ ಮೊದಲು ಏಕೆ ಬಿಚ್ಚಿದೆ ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಒಂದೇ: ಸ್ಕ್ರ್ಯಾಪ್ ಸಿಕ್ಕಿಕೊಳ್ಳುತ್ತದೆ, ತೆಗೆಯಲು ಬರುವುದಿಲ್ಲ. ಅದು ಗಾರ್ಡಿನ ದೋಷ, ಅದನ್ನು ಮಾಡಿದ ಟೂಲ್ ರೂಮಿನ ದೋಷ. ಗಾರ್ಡನ್ನು ಕಾಗದದ ಮೇಲೆ ಬರೆಯುವಾಗಲೇ ಆ ಪ್ರೆಸ್ಸಿನ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕನ್ನಡದಲ್ಲಿ ಮಾತನಾಡಿಸಿ. ಕಲಬುರಗಿ, ವಿಜಯಪುರದ ಹುಡುಗರಿಗೆ ಸ್ವಂತ ನುಡಿಯಲ್ಲಿ ಕೇಳುವ ಮಾಲೀಕ ಸಿಕ್ಕಿರುವುದು ನಿಮ್ಮ ಘಟಕದ ದೊಡ್ಡ ಆಸ್ತಿ, ಅದನ್ನು ಬಳಸಿಕೊಳ್ಳಿ. ಬಿಹಾರ, ಒಡಿಶಾದ ಹುಡುಗರಿದ್ದರೆ ಅವರ ಮಾತು ತಿಳಿದ ಒಬ್ಬನನ್ನು ಪ್ರತಿ ಪಾಳಿಯಲ್ಲೂ ಇರಿಸಿ.

ನ್ಯೂಮ್ಯಾಟಿಕ್ ಕ್ಲಚ್ಚಿನ ನಿಮ್ಮ ಎರಡು ಪ್ರೆಸ್‌ಗಳ ಕಥೆ ಬೇರೆ. ಅವು ನಡುವೆ ನಿಲ್ಲುತ್ತವೆ, ಆದ್ದರಿಂದ ಪರದೆಗೆ ಅಲ್ಲಿ ಅರ್ಥವಿದೆ. ಆದರೆ ಪರದೆಯನ್ನು ಎಲ್ಲಿ ಹಾಕಬೇಕೆಂಬುದು ನಿಲ್ಲುವ ಸಮಯದ ಮೇಲಿದೆ. 14 ಮಿ.ಮೀ. ಬೆರಳನ್ನು ಗುರುತಿಸುವ ಪರದೆ, ಪರದೆ ಗುರುತಿಸುವ ಕ್ಷಣವೂ ಸೇರಿ ಪ್ರೆಸ್ ನಿಲ್ಲಲು 0.2 ಸೆಕೆಂಡ್ ಎಂದಾದರೆ ದೂರ 400 ಮಿ.ಮೀ. ಬ್ರೇಕ್ ಸವೆದು 0.25 ಸೆಕೆಂಡ್ ಆಯಿತೆಂದರೆ 500 ಮಿ.ಮೀ. ಬೇಕು. ಪರದೆ ಮಾತ್ರ ಹಾಕಿದ ಜಾಗದಲ್ಲಿಯೇ ಇರುತ್ತದೆ, ಹಸಿರು ದೀಪವೂ ಹೊತ್ತಿರುತ್ತದೆ. ಹಾಗಾಗಿ ಮಾರುವವನಿಂದ ಅಳೆಯುವ ಉಪಕರಣವನ್ನೂ ತರಿಸಿ, ನಿಲ್ಲುವ ಸಮಯವನ್ನು ನಿಮ್ಮೆದುರಿಗೇ ಅಳೆಸಿ, ಪ್ರೆಸ್ ಮೇಲೆ ಬಣ್ಣದಲ್ಲಿ ಬರೆಸಿ. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಈ ಎರಡರಲ್ಲಿ ಎರಡು ಕೈಯ ಗುಂಡಿಗಳಿದ್ದರೆ, ಒಂದನ್ನು ಒತ್ತಿ ಇನ್ನೊಂದನ್ನು ಒತ್ತುವುದರ ನಡುವೆ ಅರ್ಧ ಸೆಕೆಂಡಿಗಿಂತ ಹೆಚ್ಚು ಅಂತರವಾದರೆ ಪ್ರೆಸ್ ಓಡಬಾರದು. ಆಗ ಒಂದು ಗುಂಡಿಗೆ ಕಟ್ಟಿಗೆ ಸಿಕ್ಕಿಸಿ, ಇನ್ನೊಂದನ್ನು ಒತ್ತುವ ಜಾಣತನ ನಡೆಯುವುದಿಲ್ಲ.

ಡೈ ಬದಲಿಸುವಾಗಿನ ಒಂದು ಮಾತನ್ನು ಬಿಡಲಾರೆ. ಮೋಟಾರ್ ಬಂದ್ ಮಾಡಿದೊಡನೆ ಪ್ರೆಸ್ ಸತ್ತಿತು ಎಂದು ತಿಳಿಯುತ್ತಾರೆ. ಫ್ಲೈವ್ಹೀಲ್ ಇನ್ನೂ ಸುತ್ತುತ್ತಿರುತ್ತದೆ, ಒಂದು ಸ್ಟ್ರೋಕಿಗೆ ಬೇಕಾದ ಕಸುವು ಅದರಲ್ಲಿ ಉಳಿದಿರುತ್ತದೆ. ಪೆಡಲ್ ಮೇಲೆ ಯಾರದೋ ಕಾಲು ಬಿದ್ದರೆ ಸಾಕು. ಚಕ್ರ ಪೂರ್ತಿ ನಿಲ್ಲಬೇಕು, ಮೇನ್ ಸ್ವಿಚ್ಚಿಗೆ ಬೀಗ ಬೀಳಬೇಕು, ಬೀಗದ ಕೈ ಡೈ ಕಟ್ಟುವವನ ಜೇಬಿನಲ್ಲಿಯೇ ಇರಬೇಕು, ರ‍್ಯಾಮ್ ಕೆಳಗೆ ಗಟ್ಟಿ ಉಕ್ಕಿನ ಆಸರೆಕಂಬ ನಿಲ್ಲಬೇಕು. ಪೆಡಲ್‌ಗಳಿಗೆ ಮೇಲೆ, ಪಕ್ಕಕ್ಕೆ ಮುಚ್ಚಿಗೆ ಇರಲಿ. ಬಿದ್ದ ಸ್ಪ್ಯಾನರ್ ಪೆಡಲ್ ಒತ್ತಿದ್ದನ್ನೂ ಕಂಡಿದ್ದೇನೆ. ಗ್ಲೌಸ್ ತಗಡಿನ ಅಂಚು ಕೊಯ್ಯದಂತೆ ಕಾಯುತ್ತದೆ, ಅಷ್ಟೇ. ಡ್ರಿಲ್ಲಿಂಗ್ ಯಂತ್ರದ ಬಳಿ ಮಾತ್ರ ಗ್ಲೌಸ್ ಹಾಕಲೇಬಾರದು, ಅದು ಕೈಯನ್ನೇ ಸುತ್ತಿಕೊಂಡು ಎಳೆಯುತ್ತದೆ.

ಇನ್ನು ಇಎಸ್ಐ ಮಾತು, ಖರ್ಚಿನ ಮಾತು. ಸಂಬಳದ ಶೇ 3.25 ನೀವು ಕಟ್ಟುತ್ತೀರಿ, ಶೇ 0.75 ಕಾರ್ಮಿಕ ಕಟ್ಟುತ್ತಾನೆ. ಹತ್ತು ವರ್ಷ ಒಂದು ಗೀರೂ ಆಗದ ಕಾರ್ಖಾನೆಗೂ ಅದೇ ದರ, ವರ್ಷಕ್ಕೆ ಹತ್ತು ಬೆರಳು ಹೋಗುವ ಕಾರ್ಖಾನೆಗೂ ಅದೇ ದರ. ಹಾಗಾಗಿಯೇ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅಪಘಾತಕ್ಕೆ ಬೆಲೆಯೇ ಕಾಣುವುದಿಲ್ಲ. ಬೆಲೆ ಯಾರು ತೆರುತ್ತಾರೆ ನೋಡಿ. ಗುಣವಾಗುವವರೆಗೆ ಅವನಿಗೆ ಸಂಬಳದ ಶೇ 90 ಸಿಗುತ್ತದೆ. ಆಮೇಲೆ ವೈದ್ಯಕೀಯ ಮಂಡಳಿ ಗಳಿಕೆಯ ಶಕ್ತಿ ಎಷ್ಟು ಕುಂದಿತು ಎಂದು ತೀರ್ಮಾನಿಸುತ್ತದೆ. ಕಾನೂನಿನ ಪಟ್ಟಿಯಲ್ಲಿ ತೋರುಬೆರಳಿನ ಎರಡು ಗಿಣ್ಣಿಗೆ ಶೇ 11. ಅವನ ಸಂಬಳ 18,000 ಎಂದಿಟ್ಟುಕೊಳ್ಳಿ. ದಿನಕ್ಕೆ 600, ಅದರ ಶೇ 90 ಎಂದರೆ 540, ಅದರ ಶೇ 11 ಎಂದರೆ ದಿನಕ್ಕೆ ಸುಮಾರು 59 ರೂಪಾಯಿ. 22ರ ಹುಡುಗನ ತೋರುಬೆರಳಿಗೆ, ಮುಂದಿನ ಇಡೀ ಬಾಳಿಗೆ, ದಿನಕ್ಕೆ 59 ರೂಪಾಯಿ. ಗುಂಡಿ ಹಾಕಿಕೊಳ್ಳುವಾಗ, ತುತ್ತು ಕಲಸುವಾಗ ಪ್ರತಿದಿನ ಅವನು ತೆರುವ ಬೆಲೆ ಯಾವ ಮಂಡಳಿಯ ಲೆಕ್ಕಕ್ಕೂ ಬರುವುದಿಲ್ಲ.

ನೀವು ತೆತ್ತದ್ದೂ ಇದೆ, ಬೇರೆ ಬೇರೆ ಖಾತೆಗಳಲ್ಲಿ ಅಡಗಿ ಕುಳಿತಿದೆ. ಅಪಘಾತದ ನೇರ ಖರ್ಚಿನ ನಾಲ್ಕು ಪಟ್ಟು ಮರೆಯ ಖರ್ಚಿರುತ್ತದೆ ಎಂದು ಅಮೆರಿಕದ ಸುರಕ್ಷತಾ ತಜ್ಞ ಹೈನ್ರಿಕ್ 1931ರಲ್ಲಿ ಬರೆದದ್ದನ್ನು ಇಂದಿಗೂ ತರಬೇತಿಗಳಲ್ಲಿ ಹೇಳುತ್ತಾರೆ. ಆ ಅನುಪಾತ ಎಲ್ಲ ಕಡೆಗೂ ಹೊಂದುವುದಿಲ್ಲ, ಅದನ್ನು ನಂಬಿ ಕೂರಬೇಡಿ. ನಿಮ್ಮದೇ ಲೆಕ್ಕ ಬರೆಯಿರಿ. ಒಂದು ನೋಟ್‌ಬುಕ್ ತೆಗೆದು ಕಳೆದ ತಿಂಗಳ ಆ ದಿನದಿಂದ ಶುರು ಮಾಡಿ: ಪ್ರೆಸ್ ಎಷ್ಟು ಗಂಟೆ ನಿಂತಿತು, ಅಕ್ಕಪಕ್ಕದವರು ಎಷ್ಟು ಹೊತ್ತು ಕೆಲಸ ಬಿಟ್ಟರು, ಆಸ್ಪತ್ರೆಗೆ ಯಾರು ಯಾರು ಹೋದರು, ಡೈ ರಿಪೇರಿಗೆ ಎಷ್ಟಾಯಿತು, ಅವನ ಜಾಗಕ್ಕೆ ಬಂದ ಹೊಸಬ ಮೊದಲ ವಾರ ಎಷ್ಟು ಮಾಲು ಹಾಳು ಮಾಡಿದ, ತಪ್ಪಿದ ಡೆಲಿವರಿ ಮುಟ್ಟಿಸಲು ಎರಡರಷ್ಟು ಕೂಲಿಯ ಓವರ್‌ಟೈಮ್ ಎಷ್ಟು ಕೊಟ್ಟಿರಿ, ಗ್ರಾಹಕ ಕಂಪನಿ ಎಷ್ಟು ಕಡಿತ ಮಾಡಿತು. ಆ ಮೊತ್ತವನ್ನು ಒಂದು ಗಾರ್ಡಿನ ಖರ್ಚಿನ ಪಕ್ಕದಲ್ಲಿ ಬರೆದು ನೋಡಿ. ನಾನು ಈ ಲೆಕ್ಕ ಬರೆಸಿದ ಮಾಲೀಕರಲ್ಲಿ ಒಬ್ಬರೂ ಆಮೇಲೆ ಗಾರ್ಡ್ ದುಬಾರಿ ಎಂದಿಲ್ಲ.

ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಪಾಯದ ಯಂತ್ರಭಾಗಕ್ಕೆ ಬೇಲಿ ಹಾಕಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮಿನಲ್ಲಿಯೇ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೆಲಸದ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ, 20 ಜನರಿರುವ ಘಟಕವೂ ಅದರಲ್ಲಿ ಕಾರ್ಖಾನೆಯೇ. ಠೇಕೆದಾರರ ಹುಡುಗರು ಠೇಕೆದಾರರ ಹೊಣೆ ಎಂದುಕೊಳ್ಳಬೇಡಿ, ಪ್ರೆಸ್ ನಿಮ್ಮದು. ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ವಾಹನ ಬಿಡಿಭಾಗದ ಘಟಕಗಳಲ್ಲಿ ಗಾಯಗೊಂಡವರ ಬಗ್ಗೆ ವರ್ಷವರ್ಷವೂ ವರದಿ ತರುತ್ತಿದೆ. ಅದರಲ್ಲಿ ಮತ್ತೆ ಮತ್ತೆ ಕಾಣುವುದು ಎರಡು ಸಂಗತಿ: ಪವರ್ ಪ್ರೆಸ್ಸಿನ ಮೇಲೆ ಹೋದ ಬೆರಳುಗಳು ಮತ್ತು ಅಪಘಾತವಾದ ಮೇಲಷ್ಟೇ ಕೈಗೆ ಬಂದ ಇಎಸ್ಐ ಕಾರ್ಡುಗಳು. ಕೆಲಸದಲ್ಲಾದ ಗಾಯಕ್ಕೆ ಮೊದಲ ದಿನದಿಂದಲೇ ಇಎಸ್ಐ ರಕ್ಷಣೆ ಇದೆ. ಹೊಸ ಹುಡುಗ ಗೇಟ್ ದಾಟಿದ ದಿನವೇ ಹೆಸರು ನೋಂದಾಯಿಸಿ, ಕಾರ್ಡಿನ ಪ್ರತಿಯನ್ನು ಅವನ ಕೈಗೆ ಕೊಡಿ.

ಒಂದು ವಿಷಯದಲ್ಲಿ ಎಚ್ಚರ. ಅಪಘಾತವಿಲ್ಲದ ತಿಂಗಳಿಗೆ ಬೋನಸ್ ಎಂದು ಘೋಷಿಸಬೇಡಿ. ಗಾಯ ಕಡಿಮೆಯಾಗುವುದಿಲ್ಲ, ಬಚ್ಚಿಡುವುದು ಹೆಚ್ಚುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಸುಮ್ಮನೆ ಕೆಲಸ ಮಾಡುತ್ತಾರೆ. ಬೋನಸ್ ಕೊಡುವುದಾದರೆ, ಪ್ರೆಸ್ ಎರಡು ಸಲ ಬಿತ್ತು, ಡೈ ಎತ್ತುವ ಸ್ಲಿಂಗಿನ ಎಳೆ ಹರಿದಿದೆ ಎಂದು ಬಂದು ಹೇಳಿದವನಿಗೆ, ಎಲ್ಲರ ಎದುರಿಗೆ ಕೊಡಿ. ಎರಡು ಸಲ ಬಿದ್ದ ಪ್ರೆಸ್ಸನ್ನು ನಿಲ್ಲಿಸುವ ಅಧಿಕಾರವೂ ಅವನಿಗಿರಲಿ, ನಿಮ್ಮ ಅನುಮತಿಗೆ ಕಾಯದೆ. ಮಾಲಿನ ಎಣಿಕೆಗೆ ಕೂಲಿ ಕೊಡುವ ಪದ್ಧತಿ ಇದ್ದರೆ ನಿಂತ ಗಂಟೆಗಳಿಗೆ ಸರಾಸರಿ ಕೂಲಿ ಕೊಡಿ. ಇಲ್ಲವಾದರೆ ಬಾಯಿ ಬಿಡುವವರು ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಟ್ಟ ಗಳಿಗೆ ಬಂದರೆ ಏನು ಮಾಡಬೇಕೆಂದು ಎರಡೂ ಪಾಳಿಯವರಿಗೆ ಮೊದಲೇ ತಿಳಿದಿರಲಿ. ಕೈಯನ್ನು ಎತ್ತಿ ಹಿಡಿದು, ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಹುಡುಕಿ. ಡೈ ಒಳಗೆ, ಸ್ಕ್ರ್ಯಾಪ್ ಡಬ್ಬಿಯಲ್ಲಿ, ಗ್ಲೌಸಿನೊಳಗೆ ಇರಬಹುದು. ಚೊಕ್ಕ ನೀರಿನಲ್ಲಿ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಿ. ಬೆರಳಿಗೆ ನೇರವಾಗಿ ಮಂಜುಗಡ್ಡೆ ತಾಗಿದರೆ ಜೀವಕೋಶಗಳು ಸತ್ತು, ಶಸ್ತ್ರಚಿಕಿತ್ಸಕರಿಗೂ ಅದನ್ನು ಜೋಡಿಸಲಾಗದೆ ಹೋಗಬಹುದು. ರಾತ್ರಿ ಎರಡಕ್ಕೂ ಬೆರಳು ಜೋಡಿಸುವ ವೈದ್ಯರು ಎಲ್ಲಿ ಸಿಗುತ್ತಾರೆ ಎಂದು ಈ ವಾರವೇ ಹತ್ತಿರದ ಆಸ್ಪತ್ರೆಗಳಿಗೆ ಹೋಗಿ ವಿಚಾರಿಸಿ, ದಾರಿ ಮತ್ತು ಫೋನ್ ನಂಬರನ್ನು ಗೋಡೆಗೆ ಅಂಟಿಸಿ.

ಆ ಹುಡುಗನನ್ನು ಕೆಲಸದಿಂದ ಬಿಡಿಸಬೇಡಿ. ಗಾಯ ಮಾಗಿದ ಮೇಲೆ ಪ್ರೆಸ್‌ಗಳ ದಿನದ ತಪಾಸಣೆ ಅವನಿಗೆ ಕೊಡಿ: ಪಾಳಿ ಶುರುವಾಗುವ ಮೊದಲು ಡೈ ಖಾಲಿ ಇದ್ದಾಗ ಪ್ರತಿ ಪ್ರೆಸ್ಸನ್ನೂ ಹತ್ತು ಸಲ ಓಡಿಸಿ, ಒಂದೊಂದು ಸ್ಟ್ರೋಕಿಗೂ ರ‍್ಯಾಮ್ ಮೇಲೆ ಹೋಗಿ ನಿಲ್ಲುತ್ತದೆಯೇ ನೋಡುವುದು, ಗಾರ್ಡಿನ ಸ್ಕ್ರೂ ಬಿಗಿ ಇದೆಯೇ ನೋಡುವುದು, ಬರೆದಿಡುವುದು. ಅವನಷ್ಟು ನಿಷ್ಠೆಯಿಂದ ಆ ಕೆಲಸವನ್ನು ಇನ್ನಾರೂ ಮಾಡಲಾರರು.

ಭೋಸರಿಯಲ್ಲಿ ಗುರುವಾರ ನಿಮಗೆ ವಾರದ ರಜೆ. ಖಂಡೇನವಮಿಗೆ ಪ್ರೆಸ್‌ಗಳನ್ನು ತೊಳೆದು ಚೆಂಡುಹೂವಿನ ಮಾಲೆ ಹಾಕುತ್ತೀರಲ್ಲ, ಅಷ್ಟೇ ಶ್ರದ್ಧೆಯಿಂದ ಈ ಗುರುವಾರ ಮಿಸ್ತ್ರಿಯನ್ನು ಕರೆಸಿ 14 ಪ್ರೆಸ್‌ಗಳ ಪಿನ್ ಮತ್ತು ಸ್ಪ್ರಿಂಗ್ ಬಿಚ್ಚಿಸಿ. ಒರೆಸಿ, ಬಿಳಿ ಬಟ್ಟೆಯ ಮೇಲೆ ಪ್ರೆಸ್ ನಂಬರ್ ಬರೆದ ಚೀಟಿಯೊಡನೆ ಸಾಲಾಗಿ ಇಡಿ. ಅಂಚು ಗುಂಡಗಾದ ಪಿನ್ ಸಿಕ್ಕಿದ ಪ್ರೆಸ್ಸನ್ನು ಶುಕ್ರವಾರ ಚಾಲೂ ಮಾಡಬೇಡಿ, ಆರ್ಡರ್ ಎಷ್ಟೇ ತುರ್ತಿರಲಿ. ಒಂದೊಂದು ಪಿನ್ನಿನ ಹತ್ತಿರದ ಫೋಟೋ ತೆಗೆದು ನನಗೆ ಕಳುಹಿಸಿ. ಯಾವ ಡೈಗಳಲ್ಲಿ ಇನ್ನೂ ಕೈ ಒಳಗೆ ಹೋಗುತ್ತಿದೆ ಎಂಬ ಪಟ್ಟಿಯೂ ಜೊತೆಗಿರಲಿ. ಯಾವುದಕ್ಕೆ ಮೊದಲು ಗಾರ್ಡ್, ಯಾವುದಕ್ಕೆ ಚೂಟ್, ಯಾವ ಕೆಲಸವನ್ನು ನ್ಯೂಮ್ಯಾಟಿಕ್ ಪ್ರೆಸ್ಸಿಗೆ ವರ್ಗಾಯಿಸಬೇಕು ಎಂದು ಒಂದೊಂದಾಗಿ ಬರೆದು ತಿಳಿಸುತ್ತೇನೆ.